ನನಗೊಪ್ಪುವ ಬಣ್ಣ

ನನ್ನ ಬೀರು ತೆರೆದು ನೋಡಿದವರಿಗೆ ಒಂದು ಅನುಮಾನ ಬರುತ್ತಿತ್ತು, ಈಕೆ ಒಂದೇ ಸೀರೆಯನ್ನು ಮೂವತ್ತು ಸಲ ಕೊಂಡಿದ್ದಾಳೋ ಹೇಗೆ ಎಂದು. ಕೆನೆ ಬಣ್ಣ, ತಿಳಿ ಗುಲಾಬಿ, ಬೂದಿ ಬಣ್ಣ, ಮತ್ತೆ ಕೆನೆ ಬಣ್ಣ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಮಕ್ಕಳು ನನಗೆ ‘ಸೀಮೆಸುಣ್ಣ ಮಿಸ್’ ಎಂದು ಹೆಸರಿಟ್ಟಿರುವುದು ಗೊತ್ತು. ಪಾಠ ಮುಗಿಯುವಷ್ಟರಲ್ಲಿ ಸೀಮೆಸುಣ್ಣದ ಪುಡಿ ಸೀರೆಯ ಮೇಲೆ ಎಲ್ಲಿ ಬಿದ್ದಿದೆ ಎಂದು ನನಗೇ ಕಾಣುತ್ತಿರಲಿಲ್ಲ. ಅದೊಂದು ಅನುಕೂಲವೆಂದು ಸಮಾಧಾನ ಮಾಡಿಕೊಂಡಿದ್ದೆ.

ಇದನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಅಮ್ಮ ತೀರಿಕೊಂಡ ಮೇಲೆ ಅಕ್ಕನನ್ನೂ ನನ್ನನ್ನೂ ಕೈವಾರದಲ್ಲಿ ಸಾಕಿದವರು ನಮ್ಮ ಸೋದರತ್ತೆ ವೆಂಕಟಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವರು. ನನಗೆ ಹನ್ನೊಂದು ವರ್ಷವಿದ್ದಾಗ ಯುಗಾದಿ ಬಟ್ಟೆಗೆಂದು ಚಿಂತಾಮಣಿಗೆ ಕರೆತಂದರು. ಅಕ್ಕ ಬೆಳ್ಳಗಿದ್ದಳು, ಅವಳಿಗೆ ಏನು ತೋರಿಸಿದರೂ ಸರಿ. ನಾನು ಕುಂಕುಮದ ಬಣ್ಣದ ಬಟ್ಟೆಯೊಂದರ ಮೇಲೆ ಕೈಯಿಟ್ಟೆ. ಅತ್ತೆ ಮೆಲ್ಲಗೆ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟು ಅಂಗಡಿಯವನಿಗೆ, “ನಲ್ಲಪಿಲ್ಲಗೆ ಅದು ಒಪ್ಪಲ್ಲಪ್ಪ, ಏನಾದ್ರೂ ತಿಳಿ ಬಣ್ಣ ತೋರ್ಸು” ಅಂದರು. ನಮ್ಮ ಕಡೆ ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರುವುದು ವಾಡಿಕೆ. ನಲ್ಲಪಿಲ್ಲ ಅಂದರೆ ಕಪ್ಪು ಹುಡುಗಿ. ಅತ್ತೆ ಅದನ್ನು ಮುದ್ದಿನಿಂದಲೇ ಹೇಳಿದ್ದು. ಮುದ್ದಿನಿಂದ ಹೇಳಿದ ಮಾತನ್ನು ಎದುರಿಸುವುದು ಕಷ್ಟ. ಬೈದಿದ್ದರೆ ಹಟ ಮಾಡುತ್ತಿದ್ದೆನೇನೋ.

ಮುಂದೆ ಅತ್ತೆ ಜೊತೆಗೆ ಬರದಿದ್ದಾಗಲೂ ಅಂಗಡಿಯಲ್ಲಿ ನನ್ನ ಕೈ ತಾನಾಗಿಯೇ ತಿಳಿ ಬಣ್ಣದತ್ತ ಹೋಗುವಂತಾಯಿತು. ನೋಡಿ, ಕನ್ನಡದಲ್ಲಿ ‘ಒಪ್ಪು’ ಎನ್ನುವ ಒಂದೇ ಮಾತಿಗೆ ಎರಡು ಕೆಲಸವಿದೆ. ಬಣ್ಣ ಮೈಗೆ ಒಪ್ಪುತ್ತದೆ, ಮನುಷ್ಯ ಮಾತಿಗೆ ಒಪ್ಪುತ್ತಾನೆ. ಯಾವುದೇ ಬಣ್ಣ ನನಗೆ ಒಪ್ಪುತ್ತದೋ ಇಲ್ಲವೋ ನೋಡುವ ಮೊದಲೇ ನಾನು ಅತ್ತೆಯ ಮಾತಿಗೆ ಒಪ್ಪಿಬಿಟ್ಟಿದ್ದೆ. ದೇವರ ವಿಷಯದಲ್ಲಿ ಮಾತ್ರ ನಮ್ಮ ಜನ ಬಹಳ ಉದಾರಿಗಳು. ಕೃಷ್ಣ ಎಷ್ಟು ಕಪ್ಪಗಿದ್ದರೂ ಅವನಿಗೆ ಉಡಿಸುವುದು ಹಳದಿ ಪೀತಾಂಬರವನ್ನೇ. ಅವನನ್ನು ಬಟ್ಟೆ ಅಂಗಡಿಗೆ ಕರೆದೊಯ್ಯುವ ಅತ್ತೆ ಇರಲಿಲ್ಲ.

ಹೋದ ವರ್ಷ ಅಕ್ಕನ ಮಗಳು ಮೇಘನಾಳ ಮದುವೆ ಗೊತ್ತಾಯಿತು. ಗೌರಿಬಿದನೂರಿನಿಂದ ನಮ್ಮ ಮನೆಗೆ ಬಂದವಳು ಬೀರು ತೆರೆದು ಸೀರೆಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. “ಚಿಕ್ಕಮ್ಮ, ಮದುವೇಲಿ ನನ್ ಪಕ್ಕ ನಿಂತ್ಕೊಳ್ಳೋರು ನೀವು. ಫೋಟೋದಲ್ಲಿ ಗೋಡೆ ಯಾವುದು, ನೀವ್ಯಾವುದು ಅಂತ ಗೊತ್ತಾಗ್ಬೇಕಲ್ವಾ” ಅಂದಳು. ಅವಳ ಮೊಬೈಲಿನಲ್ಲಿ ಮುಖ ನೋಡಿ ನೀವು ಯಾವ ಋತು, ನಿಮಗೆ ಯಾವ ಬಣ್ಣ ಎಂದು ಹೇಳುವ ಆ್ಯಪ್ ಒಂದಿತ್ತು. ಪೌಡರ್ ಒರೆಸಿಕೊಂಡು ಕಿಟಕಿಯ ಬಳಿ ನಿಂತೆ. ನಾನು ‘ಆಟಮ್’ ಎಂದು ಮೊಬೈಲು ಹೇಳಿತು. ನಮ್ಮೂರಲ್ಲಿ ನಾನು ಕಂಡಿರುವುದು ಬೇಸಿಗೆ, ಮಳೆ, ಅಂಬಾಜಿದುರ್ಗದ ಬೆಟ್ಟದ ಕಡೆಯಿಂದ ಬೀಸುವ ಚಳಿಗಾಳಿ. ಎಲೆಗಳೆಲ್ಲ ಕೆಂಪಗಾಗಿ ಉದುರುವ ಕಾಲವನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ ನೋಡಿದವಳಲ್ಲ. ಸಂಜೆ ಟ್ಯೂಬ್‌ಲೈಟಿನಡಿ ಇನ್ನೊಮ್ಮೆ ನಿಂತೆ. ಅದು ನನ್ನನ್ನು ಚಳಿಗಾಲ ಮಾಡಿತು. ಒಂದೇ ಲೆಕ್ಕಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಉತ್ತರ ಬಂದರೆ ಗಣಿತದವಳು ಹೇಗೆ ಒಪ್ಪುವುದು?

“ನಜೀರ್ ಭಾಯಿ ಅಂಗಡಿಗೆ ಹೋಗಣ ಬಾ” ಅಂದೆ.

ಬಜಾರಿನಲ್ಲಿರುವ ಅವರ ಅಂಗಡಿಯಲ್ಲಿ ಒಂದು ಗೋಡೆಗೆ ಸೀರೆ, ಇನ್ನೊಂದು ಗೋಡೆಗೆ ಮ್ಯಾಚಿಂಗ್ ಬ್ಲೌಸ್ ಪೀಸು. ಹಸಿರೊಂದೇ ನಲವತ್ತು ಬಗೆ ಇದ್ದೀತು. ಬಣ್ಣಗಳ ಹೆಸರು ಕೇಳುವುದೇ ಚೆಂದ: ಗಿಳಿ ಹಸಿರು, ಎಲೆ ಹಸಿರು, ಈರುಳ್ಳಿ ಸಿಪ್ಪೆ, ಬದನೆಕಾಯಿ, ರಾಣಿ ಬಣ್ಣ. ಪಕ್ಕದ ಶಿಡ್ಲಘಟ್ಟದಲ್ಲಿ ದಿನಾ ರೇಷ್ಮೆಗೂಡು ಮೂಟೆಗಟ್ಟಲೆ ಹರಾಜಾಗುತ್ತದೆ. ಬಿಚ್ಚಿದ ನೂಲಿಗೆ ಬಣ್ಣವೇ ಇರುವುದಿಲ್ಲ, ಹೆಚ್ಚೆಂದರೆ ನನ್ನ ಸೀರೆಗಳ ಹಾಗೆ ಕೆನೆ ಕೆನೆ. ಅದು ಎಲ್ಲೆಲ್ಲೋ ಹೋಗಿ ಬಣ್ಣ ಹಚ್ಚಿಕೊಂಡು ಸೀರೆಯಾಗಿ ಇಂಥ ಅಂಗಡಿಗೆ ವಾಪಸು ಬರುತ್ತದೆ.

ನಜೀರ್ ಭಾಯಿಗೆ ಮೇಘನಾ ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಟೀಚರಮ್ಮ, ಇಷ್ಟು ವರ್ಷದಿಂದ ನಿಮಗೆ ಅದೇ ಕ್ರೀಮು, ಅದೇ ಗುಲಾಬಿ ಕಟ್ಕೊಡ್ತಾ ಇದೀನಿ. ಗಿರಾಕಿ ಕೇಳಿದ್ದು ಕೊಡ್ಬೇಕು, ಅದಕ್ಕೆ ಬಾಯಿ ಬಿಟ್ಟಿರ್ಲಿಲ್ಲ. ಈಗ ನೀವೇ ಕೇಳಿದ್ರಿ. ಈಚೆ ಬನ್ನಿ.”

ಅಂಗಡಿಯ ಹೊಸ್ತಿಲಿನಾಚೆ ಬಿಸಿಲಿಗೆ ಒಂದು ಕುರ್ಚಿ ಹಾಕಿ ಕೂರಿಸಿದರು. ಬಜಾರಿಗೆ ಬಂದವರೆಲ್ಲ ನೋಡಿಕೊಂಡು ಹೋಗುತ್ತಿದ್ದರು. ಅವರಲ್ಲಿ ನನ್ನ ವಿದ್ಯಾರ್ಥಿಗಳ ತಂದೆ ತಾಯಿಯರೂ ಇದ್ದರು. ಹಲ್ಲಿನ ಡಾಕ್ಟರ ಮುಂದೆ ಕೂತಂತೆ ಕುರ್ಚಿಯ ಕೈ ಹಿಡಿದುಕೊಂಡೆ. ಭಾಯಿ ಹೇಳಿದಂತೆ ಮೇಘನಾ ಒಂದೊಂದೇ ಬಟ್ಟೆಯನ್ನು ನನ್ನ ಹೆಗಲಿಗೆ ಹಾಕುತ್ತ, ತೆಗೆಯುತ್ತ ಬಂದಳು. ಕೆನೆ ಬಣ್ಣ ಹಾಕಿ ಕನ್ನಡಿ ಹಿಡಿದಳು. ಮೂರು ದಿನ ಜ್ವರ ಬಂದು ಎದ್ದವಳ ಮುಖ ಅಲ್ಲಿತ್ತು. ಆಮೇಲೆ ಸುಟ್ಟ ಇಟ್ಟಿಗೆಯ ಬಣ್ಣದ್ದೊಂದು ಸೀರೆ, ಸಾಸಿವೆ ಹೂವಿನ ಬಣ್ಣದ ಅಂಚು. ಕನ್ನಡಿಯಲ್ಲಿ ಮೊದಲು ಕಣ್ಣು ಕಂಡಿತು, ಆಮೇಲೆ ಕೆನ್ನೆ. ಸೀರೆಯತ್ತ ನೋಡುವುದು ಕೊನೆಗೆ ನೆನಪಾಯಿತು.

“ನೋಡಿದ್ರಾ” ಅಂದರು ಭಾಯಿ, “ಬಟ್ಟೆ ಹಿಂದಕ್ಕೆ ಸರೀತು. ನೀವು ಮುಂದಕ್ಕೆ ಬಂದ್ರಿ.”

ಧೈರ್ಯವಾಗಿ ಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ತಂದು ಒಂದು ಭಾನುವಾರ ಬಾಗಿಲು ಹಾಕಿಕೊಂಡು ಉಟ್ಟೆ. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಓಡಾಡಿದೆ. ಗ್ಯಾಸ್ ಸಿಲಿಂಡರಿನವನು ಬೆಲ್ ಮಾಡಿದಾಗ ಮೇಲೊಂದು ಶಾಲು ಹೊದ್ದುಕೊಂಡು ಬಾಗಿಲು ತೆಗೆದೆ. ಗೌರಿಬಿದನೂರಿಗೆ ಹೊರಡುವಾಗ ಚೀಲದ ಅಡಿಯಲ್ಲಿ ಕೆನೆ ಬಣ್ಣದ ಸೀರೆಯೊಂದನ್ನೂ ಇಟ್ಟುಕೊಂಡೆ.

ಛತ್ರದಲ್ಲಿ ಕೊನೆಗೂ ಇಟ್ಟಿಗೆ ಬಣ್ಣದ್ದನ್ನೇ ಉಟ್ಟು ಮೇಘನಾಳ ಪಕ್ಕ ನಿಂತೆ. ಅತ್ತೆ ಮುಂದಿನ ಸಾಲಿನಲ್ಲಿಯೇ ಕೂತಿದ್ದರು. ಎಪ್ಪತ್ತೆಂಟು ದಾಟಿದೆ, ಕಣ್ಣು ಮಾತ್ರ ಚುರುಕು. ಧಾರೆಯೆಲ್ಲ ಮುಗಿಯುವವರೆಗೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಬೆರಳಲ್ಲಿ ಕರೆದರು. ಹೋದೆ. ಐವತ್ಮೂರು ವರ್ಷದವಳು, ಹೆಡ್‌ಮಾಸ್ಟರ ಕೋಣೆಗೆ ಹೋಗುವ ಹುಡುಗಿಯ ಹಾಗೆ ಹೋದೆ. ಅತ್ತೆ ಸೆರಗನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರು.

“ಯಾರೇ ಆರ್ಸಿದ್ದು?”

“ನಾನೇ ಅತ್ತೆ.”

ಅವರು ಸೆರಗು ಬಿಡಲಿಲ್ಲ. “ಮದ್ವೆ ಆಗಿ ಹೋದ ಹೊಸದ್ರಲ್ಲಿ ನಾನೂ ಹಿಂಗೇ ಒಂದು ಕೆಂಪು ಸೀರೆ ಉಟ್ಟಿದ್ದೆ ಕಣೇ. ನಮ್ಮತ್ತೆ ನೆಂಟರೆದ್ರಿಗೆ, ಕಾಗೆ ಕೆಂಪು ಬಟ್ಟೆ ಸುತ್ಕೊಂಡಂಗಿದೆ ಅಂದ್ರು. ಮನೆ ತುಂಬಾ ಜನ ನಕ್ರು. ನೀನು ನನ್ನ ಬಣ್ಣನೇ ತಗೊಂಡು ಹುಟ್ಟಿದ್ದೆ. ನಿನ್ನ ನೋಡಿ ಯಾರೂ ನಗ್ಬಾರ್ದು ಅಂತ ಇತ್ತಮ್ಮ ನಂಗೆ.”

ನಲವತ್ತು ವರ್ಷ ಅವರ ಮೇಲೆ ಒಳಗೊಳಗೇ ಇಟ್ಟುಕೊಂಡಿದ್ದ ಮುನಿಸು ಎಲ್ಲಿಯೂ ಕೂರಲು ಜಾಗವಿಲ್ಲದೆ ನಿಂತುಕೊಂಡಿತು. ಅವರ ಪಕ್ಕದ ಕುರ್ಚಿಯಲ್ಲಿ ಕೂತೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಕೈವಾರದ ಬಸ್ಸಿಳಿದು ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, “ಮೇಘನಾ ಹೇಳ್ತಿದ್ಳಲ್ಲ, ಆ ಸಾಬರ ಅಂಗ್ಡಿ ಎಲ್ಲಿದೆ, ತೋರ್ಸು” ಅಂದರು. ಅಂಗಡಿಯಲ್ಲಿ ನಜೀರ್ ಭಾಯಿ ಬದನೆಕಾಯಿ ಬಣ್ಣ ತೋರಿಸಿದರು, ಕಾಫಿ ಪುಡಿಯ ಬಣ್ಣ ತೋರಿಸಿದರು. ಎರಡೂ ಅವರಿಗೆ ಒಪ್ಪುತ್ತಿದ್ದವು. ಅತ್ತೆ ಎರಡನ್ನೂ ಪಕ್ಕಕ್ಕೆ ತಳ್ಳಿ ಮೇಲಿನ ಅಟ್ಟಣಿಗೆಯಿಂದ ಗಿಳಿ ಹಸಿರು ತೆಗೆಸಿ ಹೆಗಲಿಗೆ ಹಾಕಿಕೊಂಡರು. ಕಣ್ಣಿಗೆ ಹೊಡೆಯುವಂಥ ಹಸಿರು. ಸೀರೆ ಮುಂದಕ್ಕೆ ಬಂತು, ಅತ್ತೆ ಎಲ್ಲೋ ಹಿಂದೆ ಉಳಿದರು. ಭಾಯಿ ನನ್ನ ಮುಖ ನೋಡಿದರು.

“ಹೆಂಗಿದೆಯೇ?” ಅತ್ತೆ ಕೇಳಿದರು.

ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೂ ಬಂದಿತ್ತು. ಕನ್ನಡಿಯಲ್ಲಿ ಅವರು ತಮ್ಮನ್ನು ನೋಡಿಕೊಳ್ಳುತ್ತಿದ್ದ ರೀತಿ ನೋಡಿದೆ.

“ನಿಮ್ಗೆ ಇಷ್ಟ ಆಯ್ತಾ ಅತ್ತೆ?”

“ಹೂಂ.”

“ಹಂಗಾದ್ರೆ ಕಟ್ಸಣ.”

ಮುಂದಿನ ವಾರ ಅತ್ತೆಯ ಫೋನ್ ಬಂತು. ಕೈವಾರದ ಮಠದ ಭಜನೆಗೆ ಅದನ್ನೇ ಉಟ್ಟುಕೊಂಡು ಹೋಗಿದ್ದರಂತೆ. ಇಬ್ಬರು ಎಲ್ಲಿ ತಗೊಂಡಿರಿ ಎಂದು ಕೇಳಿದರಂತೆ.

“ಒಬ್ಳು ನಕ್ಳು” ಅಂದರು ಅತ್ತೆ.

“ಆಮೇಲೆ?”

“ಆಮೇಲೇನು, ನಗ್ಲಿ ಬಿಡು. ಅವ್ಳು ಏನು ಉಟ್ಕೊಂಡು ಬಂದಿದ್ಳು ಅಂತ ನೀನು ನೋಡ್ಬೇಕಿತ್ತು.”