ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಹುರಿಹಿಟ್ಟು

ನಾನು ಬರೆದದ್ದು ಮೊದಲ ಬಾರಿಗೆ ಅಚ್ಚಾದದ್ದು ಕೊಳ್ಳೇಗಾಲದ ಒಂದು ಅಂಗಡಿಯ ಹುರಿಹಿಟ್ಟಿನ ಡಬ್ಬಿಯ ಮೇಲೆ. ಒಟ್ಟು ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ನಾನು ಪಟ್ಟ ಹೆಮ್ಮೆಯನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮದು ಧನಗೆರೆ. 1956ರಲ್ಲಿ ನಮ್ಮ ತಾಲ್ಲೂಕು ಮದರಾಸು ಬಿಟ್ಟು ಮೈಸೂರಿಗೆ ಸೇರಿದಾಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ಪೇಟೆಯಲ್ಲಿ ಸಿಗುತ್ತಿದ್ದ ಎಷ್ಟೋ ಸಾಮಾನಿನ ಮೇಲೆ ತಮಿಳು ಅಕ್ಷರವೇ ಇರುತ್ತಿತ್ತು. ಮನೆಯಲ್ಲಿ ಕನ್ನಡ, ಡಬ್ಬಿಯಲ್ಲಿ ತಮಿಳು. ತಂಗಿಗೆ ನಾನೇ ಸ್ಲೇಟು ಹಿಡಿಸಿ ಕನ್ನಡ ಕಲಿಸಿದೆ. ಅಪ್ಪ ಹೆಣ್ಣುಮಕ್ಕಳನ್ನು ಸ್ಕೂಲಿಗೆ ಕಳಿಸುವ ಪೈಕಿ ಅಲ್ಲ. ಅವಳಿಗೋ ಅಕ್ಷರದ ಹುಚ್ಚು. ಬೆಲ್ಲ ಕಟ್ಟಿ ತಂದ ಪೇಪರಿನ ಚೂರನ್ನೂ ಬಿಡಿಸಿ ಓದುತ್ತಿದ್ದಳು. ಅಚ್ಚಾದದ್ದೆಲ್ಲ ನಿಜ ಅನ್ನುವುದು ಅವಳ ಆಗಿನ ನಂಬಿಕೆ, ನನ್ನದೂ ಹೆಚ್ಚು ಕಮ್ಮಿ ಅದೇ.

ಮುಂದೆ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾದೆ. ತಂಗಿಯನ್ನು ರಾಮಾಪುರಕ್ಕೆ ಕೊಟ್ಟಿದ್ದೆವು. ಅವ್ವ, ಅಪ್ಪ ಇಬ್ಬರೂ ಒಂದೆರಡು ವರ್ಷದ ಅಂತರದಲ್ಲಿ ತೀರಿಕೊಂಡರು. ಅಲ್ಲಿಂದಾಚೆಗೆ ಅವಳಿಗೆ ತವರು ಅಂದರೆ ನಾನು ಮತ್ತು ನನ್ನ ಹೆಂಡತಿ.

ನಮ್ಮ ಬೀದಿಯಲ್ಲಿ ಒಬ್ಬ ದಿನಸಿ ಅಂಗಡಿಯವರಿದ್ದರು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಹುರಿಗಡಲೆ ಏಲಕ್ಕಿ ಸೇರಿಸಿ ಬೀಸಿ ಮಾರುತ್ತಿದ್ದರು. ಒಳ್ಳೆಯ ಹಿಟ್ಟೇ. ಬೆಲ್ಲ ಹಾಕಿ ಹಾಲಿನಲ್ಲಿ ಕಲಸಿದರೆ ನಾನೂ ಎರಡು ಲೋಟ ಕುಡಿಯುತ್ತಿದ್ದೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ತಗಡಿನ ಡಬ್ಬಿಯ ಆಸೆ ಹತ್ತಿತು. ಪಟ್ಟಣದಿಂದ ಬರುವ ಪೌಡರ್ ಡಬ್ಬಿಗಳ ಮೇಲೆ ಕೆನ್ನೆ ಉಬ್ಬಿದ ಮಗುವಿನ ಚಿತ್ರ, ಕೆಳಗೆ ಶಕ್ತಿ, ಪುಷ್ಟಿ, ತೇಜಸ್ಸು ಎಂದೆಲ್ಲ ಇರುತ್ತಿತ್ತು. ತಮ್ಮ ಡಬ್ಬಿಗೂ ಅಂಥದ್ದೊಂದು ಚೀಟಿ ಬೇಕು ಎಂದು ನನ್ನ ಹತ್ತಿರ ಬಂದರು.

"ರಕ್ತ ಆಯ್ತದೆ ಅಂತ ಆಕ್ಬುಡಿ ಸಾ," ಅಂದರು.

"ಆಗುತ್ತೆ ಅನ್ನೋದಕ್ಕೆ ಏನು ಆಧಾರ?" ಎಂದು ಕೇಳಿದೆ. ಅಷ್ಟು ಕೇಳಿದ್ದೆ, ಅದು ನಿಜ.

"ರಾಗಿ ಕೆಂಪಗಿಲ್ವಾ? ಊರೋರೆಲ್ಲ ತಕಂಡೋಗವ್ರೆ, ಒಬ್ರೂ ವಾಪಸ್ ತಂದಿಲ್ಲ. ಇನ್ಯಾವ ಆಧಾರ ಬೇಕು ಸಾ?"

ನಗು ಬಂತು. ಹುರುಳಿ ಗಿಡದ ಪ್ರಯೋಗವನ್ನು ವರ್ಷ ವರ್ಷ ಮಾಡಿಸುವವನು ನಾನು. ಎರಡು ಕುಂಡ, ಒಂದೇ ಮಣ್ಣು, ಒಂದೇ ನೀರು. ಒಂದನ್ನು ಬಿಸಿಲಿಗಿಡಿ, ಒಂದನ್ನು ಕತ್ತಲಿಗಿಡಿ. ಎರಡನ್ನೂ ಹೋಲಿಸಿ ನೋಡದೆ ಬಿಸಿಲಿನಿಂದಲೇ ಬೆಳೆಯಿತು ಎಂದು ಬಾಯಿ ಬಿಟ್ಟರೆ ಕಿವಿ ಹಿಂಡುತ್ತೇನೆ ಎಂದು ಮಕ್ಕಳನ್ನು ಗದರಿಸುತ್ತಿದ್ದೆ. ಅಂಗಡಿಯವರಿಗೆ ಅದನ್ನೇ ವಿವರಿಸಿ, ಬರೆಯಲು ಬರುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಆದರೆ ಅವರು ಇನ್ನೊಂದು ಮಾತು ಸೇರಿಸಿದರು. "ಈ ಪ್ಯಾಟೇಲಿ ಅಂಗೆ ಅಚ್ಚುಕಟ್ಟಾಗಿ ಬರೆಯೋರು ನಿಮ್ಮ ಬಿಟ್ರೆ ಯಾರವ್ರೆ ಸಾ?" ಅಷ್ಟಕ್ಕೆ ನನಗೆ ಕೋಡು ಮೂಡಿತು.

ಮಾರನೆಯ ದಿನ ಒಂದು ಚಮಚ ಹಿಟ್ಟನ್ನು ಸ್ಕೂಲಿಗೆ ಒಯ್ದೆ. ನೀರಿನಲ್ಲಿ ಕುದಿಸಿ, ಆರಿಸಿ, ಎರಡು ಹನಿ ಅಯೋಡಿನ್ ಬಿಟ್ಟೆ. ಕಡು ನೀಲಿಯಾಯಿತು. ನೀಲಿಯಾದರೆ ಪಿಷ್ಟ ಇದೆ ಅಂತ. ಅನ್ನದ ಗಂಜಿಗೆ ಬಿಟ್ಟರೂ ಅದೇ ಬಣ್ಣ, ಆಲೂಗೆಡ್ಡೆಯ ಹೋಳಿಗೆ ಬಿಟ್ಟರೂ ಅದೇ ಬಣ್ಣ. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ಸಂಜೆ ಕೂತು ಬರೆದೆ: "ಮೊಳಕೆ ರಾಗಿಯಿಂದ ತಯಾರಾದದ್ದು. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲ್ಪಟ್ಟದ್ದು. ಕಬ್ಬಿಣಾಂಶವುಳ್ಳದ್ದಾಗಿ ರಕ್ತವನ್ನು ವೃದ್ಧಿಸುತ್ತದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅತ್ಯುತ್ತಮ."

ಒಂದೊಂದೇ ಸಾಲು ಹಿಡಿದು ನೋಡಿದರೆ ನನ್ನನ್ನು ಯಾರೂ ಸುಳ್ಳುಗಾರ ಅನ್ನುವಂತಿರಲಿಲ್ಲ. ಪ್ರಯೋಗಶಾಲೆ ಇತ್ತು, ಪರೀಕ್ಷೆ ನಡೆದಿತ್ತು. ರಾಗಿಯಲ್ಲಿ ಕಬ್ಬಿಣಾಂಶ ಇದೆ ಎಂದು ಪುಸ್ತಕವೂ ಹೇಳುತ್ತದೆ. ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ, ರಕ್ತ ಕಮ್ಮಿಯಾದವಳಿಗೆ ಅದು ಸಾಕೇ ಎಂಬುದನ್ನು ನಾನು ನೋಡಿರಲಿಲ್ಲ. ಎರಡನೆಯ ಸಾಲು ಮೂರನೆಯದರ ಪಕ್ಕ ಕೂತಾಗ ಓದುವವರಿಗೆ ಏನು ಅನ್ನಿಸುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಕೂರಿಸಿದ್ದೆ.

ಅದರ ಮರುವರ್ಷ ತಂಗಿ ಎರಡನೆಯ ಬಾರಿ ಬಸುರಿಯಾದಳು. ಮೊದಲನೆಯದು ಹೆಣ್ಣುಮಗು, ಆಗಲೇ ಓಡಾಡುತ್ತಿತ್ತು. ಈ ಸಲ ತಂಗಿ ಬಹಳ ಬಿಳಿಚಿಕೊಂಡಿದ್ದಳು. ವಾರಕ್ಕೊಮ್ಮೆ ಹನೂರಿನ ಕಡೆಯಿಂದ ಬರುತ್ತಿದ್ದ ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಸಾಲದು ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಮಾತ್ರೆಯಿಂದ ಮಗು ಹೊಟ್ಟೆಯಲ್ಲಿ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಕೇರಿಯ ಹೆಂಗಸರು ಬೇರೆ ಹೆದರಿಸಿದ್ದರು. ಆದರೂ ಅವಳು ಬಿಟ್ಟಿರಲಿಲ್ಲ.

ಏಳನೆಯ ತಿಂಗಳಲ್ಲಿ ಮಡಿಲು ತುಂಬಲು ನಾನು, ಹೆಂಡತಿ ರಾಮಾಪುರಕ್ಕೆ ಹೋದೆವು. ತವರಿನವರು ಬಸುರಿಯ ಮಡಿಲಿಗೆ ಅಕ್ಕಿ, ಕಾಯಿ, ವೀಳ್ಯ, ಹಸಿರು ಬಳೆ ಇಟ್ಟು ಹರಸುವುದು ನಮ್ಮಲ್ಲಿ ನಡೆದು ಬಂದದ್ದು. ಹಾಗೆ ಇಟ್ಟದ್ದನ್ನು ಅವಳು ಬೇಡ ಅನ್ನಬಾರದು, ಯಾರೂ ಹಳಿಯಬಾರದು. ತವರಿನ ಅಕ್ಕಿಯಲ್ಲಿ ಕಲ್ಲಿದ್ದರೂ ಸುಮ್ಮನೆ ಆರಿಸಿ ಅನ್ನ ಮಾಡಿಕೊಳ್ಳಬೇಕು. ನಾನು ಜಾಣ ನೋಡಿ, ಆರು ಡಬ್ಬಿ ಹುರಿಹಿಟ್ಟನ್ನೂ ಹೊತ್ತುಕೊಂಡು ಹೋಗಿದ್ದೆ. ಒಂದು ಡಬ್ಬಿಯನ್ನು ಮಡಿಲಿನಲ್ಲಿ ಕಾಯಿಯ ಪಕ್ಕಕ್ಕೇ ಇಡಿಸಿದೆ, ಚೀಟಿ ಮೇಲೆ ಕಾಣುವ ಹಾಗೆ.

ಹಜಾರದ ತುಂಬ ಹೆಂಗಸರು. ಮಣೆಯ ಮೇಲೆ ಕೂತಿದ್ದ ತಂಗಿ ಡಬ್ಬಿ ತಿರುಗಿಸಿ ನಾಲ್ಕೂ ಸಾಲನ್ನು ಗಟ್ಟಿಯಾಗಿ ಓದಿದಳು. "ನಮ್ಮಣ್ಣಯ್ಯನೇ ಬರ್ದಿರೋದು," ಎಂದು ಎಲ್ಲರ ಮುಖ ನೋಡಿದಳು. ಅಂದು ಅವಳ ಬಿಳಿಚಿದ ಮುಖಕ್ಕೆ ಎಷ್ಟು ಕಳೆ ಬಂದಿತ್ತು!

ಆಗ ಅವಳ ಅತ್ತೆ ನನ್ನ ಕಡೆ ತಿರುಗಿದರು. "ಅಲ್ಲ ಮೇಷ್ಟ್ರೇ, ಆ ಮಾತ್ರೆ ನುಂಗಿದಾಗ್ಲೆಲ್ಲ ಇವ್ಳು ವಾಂತಿ ಮಾಡ್ಕತಾಳೆ. ಈ ಇಟ್ಟಲ್ಲೇ ರಕ್ತ ಆಗೋದಾದ್ರೆ ಅದ್ಯಾಕ್ ಬೇಕು? ತಿಳ್ದೋರು ನೀವು, ಒಂದ್ ಮಾತ್ ಏಳಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾತ್ರೆ ಬಿಡಬಾರದು ಎಂದು ನನಗೆ ಗೊತ್ತಿತ್ತು, ಅನುಮಾನವೇ ಇರಲಿಲ್ಲ. ಆದರೆ ಮಾತ್ರೆಯೂ ಬೇಕು ಅಂದರೆ ಡಬ್ಬಿಯ ಮೇಲಿನದು ಬುರುಡೆ ಎಂದು ಒಪ್ಪಿಕೊಂಡ ಹಾಗೆ. ಅದೂ ಮಡಿಲಿಗಿಟ್ಟ ಮೇಲೆ, ತಂಗಿ ಅಷ್ಟು ಬೀಗಿ ಓದಿದ ಮೇಲೆ, ಬೀಗಿತ್ತಿಯ ಎದುರಿಗೆ.

"ದಿನಕ್ಕೆರಡು ಸಲ ಇದನ್ನ ಕುಡೀಲಿ, ಸಾಕು," ಅಂದೆ.

ತಂಗಿ ತಲೆ ಎತ್ತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮಡಿಲು ಮುಚ್ಚಿಕೊಂಡಳು.

ಬಸ್ಸು ಹನೂರು ದಾಟಿತು. ನನ್ನ ಹೆಂಡತಿ, "ಯಾಕಂಗಂದ್ರಿ? ಮಾತ್ರೆ ಬ್ಯಾಡ್ವಾ ಅವ್ಳಿಗೆ?" ಎಂದು ಕೇಳಿದಳು. "ನೀನು ಓದಿದ್ದೀಯೋ, ನಾನು ಓದಿದ್ದೀನೋ?" ಎಂದು ರೇಗಿದೆ. ತಪ್ಪು ಮಾಡಿದಾಗೆಲ್ಲ ನನಗೆ ಮೊದಲು ಬರುವುದು ಕೋಪ.

ತುಂಬು ತಿಂಗಳಲ್ಲಿ ಒಂದು ದಿನ ಮಧ್ಯಾಹ್ನ ಕ್ಲಾಸಿನಲ್ಲಿದ್ದಾಗ ತಂಗಿಯ ಗಂಡ ಹೇಳಿ ಕಳಿಸಿದ. ಮನೆಯಲ್ಲೇ ಹೆರಿಗೆಯಾಗಿ, ರಕ್ತ ನಿಲ್ಲದೆ, ಯಾರದೋ ಜೀಪಿನಲ್ಲಿ ಹಾಕಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ತಂದಿದ್ದರು. ಸೀಮೆಸುಣ್ಣ ಕೈಯಲ್ಲೇ ಹಿಡಿದುಕೊಂಡು ಓಡಿದೆ. ತಂಗಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿದ್ದಳು. ಪಕ್ಕದಲ್ಲಿ ಗಂಡುಮಗು, ಅಂಗೈಯಷ್ಟು. ಮಾತ್ರೆಯಿಂದ ದಪ್ಪವಾಗುತ್ತದೆ ಎಂದು ಹೆದರಿಸಿದ್ದರಲ್ಲ, ಆ ಮಗು.

ಡಾಕ್ಟರಮ್ಮ, "ಮೈಯಲ್ಲಿ ಮೊದಲೇ ರಕ್ತ ಇರ್ಲಿಲ್ಲ ಇವಳಿಗೆ. ಮಾತ್ರೆ ಕೊಟ್ಟಿರ್ಲಿಲ್ವಾ?" ಎಂದು ಕೇಳಿದರು.

ತಂಗಿಯ ಗಂಡ ಪಾಪ, ಕೈಕಟ್ಟಿ ನಿಂತಿದ್ದ. "ಅದ್ರ ಬದ್ಲು ಈ ಮೇಷ್ಟ್ರು ಕೊಟ್ಟ ಇಟ್ಟು ಕುಡೀತಿದ್ಲು ಕಣಮ್ಮ. ಒಂದ್ ದಿನಾನೂ ತಪ್ಪಿಸ್ಲಿಲ್ಲ."

"ಯಾವ ಹಿಟ್ಟು?" ಎಂದು ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಭೂಮಿಗೆ ಇಳಿದುಹೋದೆ.

ಮಗು ಮೂರು ದಿನ ಇತ್ತು. ತಂಗಿ ಬದುಕಿಕೊಂಡಳು. ಆದರೆ ಮೊದಲಿನ ತಂಗಿಯಾಗಲಿಲ್ಲ. ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಬಂದರೆ ಅರ್ಧ ದಿನ ಮಲಗುತ್ತಿದ್ದಳು.

ಅಂಗಡಿಗೆ ಹೋಗಿ, ಪ್ರಯೋಗಶಾಲೆಯದೂ ರಕ್ತದ್ದೂ ಆ ಎರಡು ಸಾಲು ತೆಗೆದುಬಿಡಿ ಎಂದು ಕೇಳಿದೆ. ಅಂಗಡಿಯವರು ಅಚ್ಚರಿಯಿಂದ ನೋಡಿದರು. "ಯಾಕ್ ಸಾ, ಸುಳ್ಳಾ? ನೀವೇ ಬರ್ದಿದ್ದಲ್ವಾ?" ಅವರು ನನ್ನನ್ನು ಕುಟುಕಲು ಹೇಳಿದ್ದಲ್ಲ. ಅವರು ನಿಜಕ್ಕೂ ನಂಬಿದ್ದರು, ನಾನು ಬರೆದ ಮೇಲೆ ಇನ್ನೂ ಹೆಚ್ಚು ನಂಬಿದ್ದರು. ಬಂದ ದಾರಿ ಹಿಡಿದೆ. ಆ ಚೀಟಿ ನಾನು ವರ್ಗವಾಗಿ ಹೋಗುವವರೆಗೂ ಡಬ್ಬಿಯ ಮೇಲಿತ್ತು.

ಮಾತ್ರೆ ನುಂಗಿದ್ದರೆ ಮಗು ಉಳಿಯುತ್ತಿತ್ತೇ? ಈ ಪ್ರಶ್ನೆಯನ್ನು ಎಷ್ಟು ವರ್ಷ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಉಳಿಯುತ್ತಿತ್ತು ಎಂದು ಖಚಿತವಾಗಿ ಹೇಳಲಾರೆ. ಹೇಳಬೇಕಾದರೆ ಅದೇ ತಂಗಿ, ಅದೇ ಬಸಿರು, ಮಾತ್ರೆ ನುಂಗಿ ಇನ್ನೊಂದು ಸಲ ನಡೆಯಬೇಕು. ನಾನು ಮಕ್ಕಳಿಗೆ ಹೇಳಿಕೊಡುವ ಎರಡನೆಯ ಕುಂಡ ಇಲ್ಲಿ ಇಲ್ಲ. ಕೆಲವು ಸಲ ಅದನ್ನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಆಮೇಲೆ, ಆ ಸಮಾಧಾನವನ್ನೂ ಶಾಸ್ತ್ರದ ಹೆಸರಿನಲ್ಲೇ ಮಾಡಿಕೊಳ್ಳುತ್ತಿದ್ದೀಯಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನನಗೆ ಯಳಂದೂರಿಗೆ ವರ್ಗವಾಗಿ ಕೆಲವು ವರ್ಷವಾದ ಮೇಲೆ, ತಂಗಿ ಒಂದು ವಾರ ಇದ್ದು ಹೋಗಲು ಬಂದಳು. ಅವರೆಕಾಯಿ ಕಾಲ. ನನ್ನ ಹೆಂಡತಿ ನೀರಿಗೆ ಹೋಗಿದ್ದಳು. ಹಿತ್ತಲ ಬಾಗಿಲಲ್ಲಿ ನಾವಿಬ್ಬರೇ ಮೊರದ ಮುಂದೆ ಕೂತು ಕಾಯಿ ಸುಲಿಯುತ್ತಿದ್ದೆವು. ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ. ಆ ಚೀಟಿಯಲ್ಲಿದ್ದ ರಕ್ತದ ಮಾತಿಗೆ ಆಧಾರವೇ ಇರಲಿಲ್ಲ. ನಾನು ನೋಡಿದ್ದು ಅದರಲ್ಲಿ ಪಿಷ್ಟ ಇದೆಯೇ ಅಂತ, ಅಷ್ಟೇ. ಮಾತ್ರೆ ಬಿಡಬಾರದು ಅಂತ ಗೊತ್ತಿದ್ದೂ ಎಲ್ಲರೆದುರು ಸುಳ್ಳು ಹೇಳಿದೆ. ಅವಳು ಬೈಯಲಿ, ಎದ್ದು ಹೋಗಲಿ ಎಂದು ಕಾದೆ.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣಣ್ಣಯ್ಯ," ಅಂದಳು.

"ಏನು ಗೊತ್ತಿತ್ತು?"

"ಆವತ್ತು ನೀನು ಸಾಕು ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು. ನೀನು ಸುಳ್ಳೇಳಿದ್ರೆ ನಂಗೆ ತಿಳಿಯಾಕಿಲ್ವಾ?"

"ಮತ್ತೆ ಮಾತ್ರೆ ಯಾಕವ್ವ ಬಿಟ್ಟೆ?"

"ಇನ್ನೇನ್ ಮಾಡ್ಲಿ? ಮಡ್ಲಿಗೆ ನೀನೇ ಇಟ್ಬುಟ್ಟಿದ್ದೆ, ಅಷ್ಟು ಜನದ ಮುಂದೆ ಏಳ್ಬುಟ್ಟಿದ್ದೆ. ಆಮ್ಯಾಕೆ ನಾನು ಮಾತ್ರೆ ನುಂಗೋದ್ನ ಅತ್ತೆ ಕಂಡಿದ್ರೆ ನಿನ್ ಮಾತು ಏನಾಯ್ತಿತ್ತು? ನಮ್ಮಣ್ಣನ್ನ ಸುಳ್ಳುಗಾರ ಅನ್ನಿಸ್ಬೇಕಿತ್ತಾ ನಾನು?"

ಒಂದಷ್ಟು ಹೊತ್ತು ಕಾಯಿ ಸುಲಿದಳು. ಆಮೇಲೆ ಮೊರ ನೋಡಿಕೊಂಡೇ ಹೇಳಿದಳು. "ಒಂದ್ ಕಾಗ್ದ ಬರ್ದಿದ್ರೆ ಸಾಕಿತ್ತು ಕಣಣ್ಣಯ್ಯ, ಕದ್ದಾದ್ರೂ ನುಂಗು ಅಂತ. ಆ ಮನೇಲಿ ಓದೋಕೆ ಬರೋಳು ನಾನೊಬ್ಳೇ ಅಲ್ವಾ."

ಆ ಕಾಗದ ಬರೆಯಲು ನನಗೆ ಎರಡು ತಿಂಗಳು ಸಮಯವಿತ್ತು.