ಸೂರು ಬಡಿದು ನೋಡುವವನು

ನನಗೊಂದು ಕೆಟ್ಟ ಚಾಳಿ ಅಂಟಿದೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಒಮ್ಮೆ ತಲೆಯೆತ್ತಿ ಛಾವಣಿ ನೋಡುತ್ತೇನೆ. ಮನೆಯವರು ಇದನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ. ಫ್ಯಾನು ಇರುವವರು ಹಾಕುತ್ತಾರೆ. ಇಲ್ಲದವರು ಬರುವ ತಿಂಗಳು ತರುವವರಿದ್ದೇವೆ ಎನ್ನುತ್ತಾರೆ. ಕಳೆದ ವಾರ ಒಬ್ಬ ಗೃಹಿಣಿ ಜೇಡರ ಬಲೆ ಇದೆಯೆಂದು ನಾಚಿಕೊಂಡು, ನಾನು ಕೂತಿರುವಾಗಲೇ ಪೊರಕೆ ತಂದರು. ಹೀಗಾಗಿ ನನ್ನ ಹೆಂಡತಿ ಈಗ ಎಲ್ಲಿಗೆ ಹೋದರೂ ಮೆಟ್ಟಿಲಲ್ಲೇ ನನ್ನ ಕುತ್ತಿಗೆಗೆ ಬುದ್ಧಿ ಹೇಳಿಬಿಡುತ್ತಾಳೆ.

ಈ ಚಾಳಿ ನನಗೆ ಬಂದದ್ದು ಶರಣಪ್ಪನಿಂದ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನ ಪಕ್ಕದಲ್ಲಿ ಇನ್ನೊಂದು ಬಿಲ್ಡಿಂಗ್ ಏಳುತ್ತಿತ್ತು. ಶರಣಪ್ಪ ಅದರ ಕಾವಲುಗಾರ. ಹೆಂಡತಿ ಮತ್ತು ಮಗಳು ನೀಲಮ್ಮನ ಜೊತೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದ. ಊರಿಗೆ ಕಾಗದ ಬರೆಸಲು ನಮ್ಮ ಮನೆಗೆ ಮೊದಲ ಸಲ ಬಂದವನು, ನಾನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿದ್ದ ಉದ್ದನೆಯ ಬಡಿಗೆಯನ್ನು ಮೇಲೆತ್ತಿ ಛಾವಣಿಯನ್ನು ಟಕ್ ಟಕ್ ಎಂದು ನಾಲ್ಕು ಕಡೆ ಬಡಿದ. ಕಿವಿಗೊಟ್ಟು ಕೇಳಿದ. ಆಮೇಲೆ ತೃಪ್ತಿಯಿಂದ ಕೂತು, ಅಡ್ಡಿಯಿಲ್ಲ, ಗಟ್ಟಿ ಇದೆ ಎಂದು ಅಪ್ಪಣೆ ಕೊಟ್ಟ. ಮೇಲಿನ ಮನೆಯವರು ಅಷ್ಟರಲ್ಲಿ ಜಗಳಕ್ಕೆ ಇಳಿದು ಬರುತ್ತಿದ್ದರು.

ಶರಣಪ್ಪ ರಾಯಚೂರು ಸೀಮೆಯ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವನು. ಸುರಂಗದ ಸೂರಿಗೆ ಮರದ ಆಸರೆ ಕೊಡುವುದು ಆತನ ಕೆಲಸ. ಉಳಿದವರು ಒಳಗೆ ಕಾಲಿಡುವ ಮೊದಲು ಈತ ಹೋಗಿ ಕಬ್ಬಿಣದ ಸರಳಿನಿಂದ ಮೇಲಿನ ಕಲ್ಲನ್ನು ಬಡಿದು ನೋಡಬೇಕು. ಗಟ್ಟಿ ಕಲ್ಲು ಖಣ್ ಅನ್ನುತ್ತದೆ; ಬಿಟ್ಟುಕೊಂಡ ಕಲ್ಲು ಒಡಕು ಮಡಕೆಯ ಹಾಗೆ ಡಬ್ ಅನ್ನುತ್ತದೆ. ಇಪ್ಪತ್ತು ವರ್ಷ ಈ ಎರಡು ಶಬ್ದಗಳನ್ನು ಕೇಳುತ್ತ ಬದುಕಿದವನಿಗೆ, ಮೊಣಕಾಲು ಏಣಿ ಹತ್ತಲು ಒಲ್ಲೆನೆಂದು ಮುಂಬಯಿಗೆ ಬಂದ ಮೇಲೂ ಬಡಿಯದೆ ಯಾವ ಸೂರಿನ ಕೆಳಗೂ ಕೂರುವುದು ಆಗುತ್ತಿರಲಿಲ್ಲ. ನಾವೆಲ್ಲ ಬಾಡಿಗೆ ವಿಚಾರಿಸಿ, ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿ, ತಲೆಯ ಮೇಲಿರುವುದನ್ನು ದೇವರಿಗೆ ಬಿಟ್ಟು ಮಲಗುವವರು. ಆತನನ್ನು ನೋಡಿದ ಮೇಲೆ ನನಗೆ ನನ್ನ ಧೈರ್ಯದ ಬಗ್ಗೆ ಸ್ವಲ್ಪ ಅನುಮಾನ ಬಂತು.

ಆತನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಗಣಿಯಿಂದ ಹೊರಬರುವಾಗ ಕಾವಲಿನವರು ಮೈ ತಡವಿ ನೋಡುತ್ತಿದ್ದರಂತೆ, ಚೂರು ಚಿನ್ನವೂ ಹೊರಗೆ ಹೋಗದಿರಲೆಂದು. ಒಮ್ಮೆ ವಡಾಲ ಸ್ಟೇಷನ್ನಿನಲ್ಲಿ ಟಿಕೆಟ್ ತಪಾಸಣೆಯವನು ಅಡ್ಡಗಟ್ಟಿದಾಗ ಶರಣಪ್ಪ ತಟ್ಟನೆ ಎರಡೂ ಕೈ ಎತ್ತಿ, ಕಾಲು ಅಗಲಿಸಿ, ಬಾಯಿ ತೆರೆದು ನಿಂತುಬಿಟ್ಟ. ಟಿಕೆಟ್ಟು ಜೇಬಿನಲ್ಲೇ ಇತ್ತು. ಆ ಮನುಷ್ಯ ಅದನ್ನು ಕೇಳುವುದನ್ನೇ ಮರೆತು, ಈ ಕಾಕಾರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ನನಗೆ ಮರಾಠಿಯಲ್ಲಿ ಹೇಳಿದ. ನಾನು ನಕ್ಕೆ. ಮನೆಗೆ ಬಂದ ಮೇಲೆ ನಕ್ಕದ್ದಕ್ಕೆ ಬೇಜಾರಾಯಿತು.

ನಾನು ಹಟ್ಟಿಯನ್ನು ಕಂಡವನಲ್ಲ. ಬಟಾಬಯಲು, ಜಾಲಿಗಿಡ, ಕಾದ ಬಂಡೆ, ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದುಹಿಟ್ಟಿನ ಗುಡ್ಡಗಳು, ಗಾಳಿ ಎದ್ದರೆ ಎಮ್ಮೆಯೂ ಬಿಳಿ ಎಂದು ಆತ ಹೇಳಿದ್ದಷ್ಟೇ ಗೊತ್ತು. ಹತ್ತಿರದ ಮಸ್ಕಿಯಲ್ಲಿ ಮೌರ್ಯ ದೊರೆಯ ಶಾಸನವಿರುವುದನ್ನು ಶಾಲೆಯಲ್ಲಿ ಓದಿದ್ದೆ. ಅಷ್ಟು ದೂರದ ಚಕ್ರವರ್ತಿಗೆ ಆ ಬೆಂಗಾಡಿನಲ್ಲಿ ಏನು ಕೆಲಸವೆಂದು ಆಗ ಹೊಳೆದಿರಲಿಲ್ಲ. ವಿದ್ವಾಂಸರು ಚಿನ್ನದ ಕಡೆ ಬೆರಳು ತೋರಿಸುತ್ತಾರೆ. ಸಿಡಿಮದ್ದು ಇಲ್ಲದ ಆ ಕಾಲದವರು ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸಿಡಿಸಿ, ನೂರಾರು ಅಡಿ ಇಳಿದಿದ್ದರು. ಅವರ ಸುರಂಗಗಳಲ್ಲಿ ಹಳೆಯ ಮರದ ಆಸರೆಗಳು ಸಿಕ್ಕಿದ್ದವಂತೆ. ಶರಣಪ್ಪ ಅದನ್ನು ಹೇಳುವಾಗ ಚಿನ್ನದ ಸುದ್ದಿಯನ್ನೇ ಎತ್ತಲಿಲ್ಲ. ಆ ಮರ ಕೂರಿಸಿದವನು ಯಾರೋ, ಕೆಲಸ ಬಲ್ಲವನು ಎಂದಷ್ಟೇ ಹೇಳಿದ. ಸಾವಿರಾರು ವರ್ಷದ ಹಿಂದಿನವನ ಬಗ್ಗೆ, ಪಕ್ಕದ ಪಾಳಿಯಲ್ಲಿ ದುಡಿದವನ ಬಗ್ಗೆ ಹೇಳಿದ ಹಾಗೆ.

ಇಂಥವನ ಮಗಳಿಗೆ ಗಂಡು ಹುಡುಕುವ ಉಸಾಬರಿ ನನ್ನ ಮೇಲೆ ಬಿತ್ತು. ಮುಲುಂಡಿನಲ್ಲಿ ನನ್ನ ಪರಿಚಯದ ವೀರಭದ್ರಪ್ಪನವರು ಕಾರ್ಖಾನೆಯೊಂದರಲ್ಲಿ ಫೋರ್ಮನ್. ಬಾಗಲಕೋಟೆ ಕಡೆಯವರು. ಮಗ ಸಭ್ಯ, ಕೆಲಸದಲ್ಲಿದ್ದ. ನೀಲಮ್ಮನನ್ನು ನೋಡಿ ಒಪ್ಪಿದ್ದ, ನೀಲಮ್ಮನೂ ಒಪ್ಪಿದ್ದಳು. ಎಷ್ಟು ಒಪ್ಪಿದ್ದಳೆಂದರೆ, ಅಪ್ಪ ಗಂಡಿನ ಮನೆ ನೋಡಲು ಹೊರಟ ದಿನ ಅವಳೇ ನನ್ನ ಹತ್ತಿರ ಬಂದು ಹೇಳಿದಳು: "ಕಾಕಾ, ಇವತ್ತೊಂದಿನ ಅಪ್ಪಗ ಬಡಿಯಾಕ ಬಿಡಬ್ಯಾಡ್ರಿ."

ವೀರಭದ್ರಪ್ಪನವರ ಸ್ವಭಾವ ಗೊತ್ತಿದ್ದ ನನಗೂ ಅದೇ ಭಯವಿತ್ತು. ಹೌಸಿಂಗ್ ಸೊಸೈಟಿಯ ಆ ಎರಡು ಕೋಣೆಯ ಮನೆ ಅವರ ಜೀವಮಾನದ ಹೆಮ್ಮೆ. ಅದಕ್ಕೆ ಬಡಿಗೆ ತಗುಲಿದರೆ ಸಂಬಂಧ ಮುರಿದಂತೆಯೇ. ಶರಣಪ್ಪನಿಂದ ಮಾತು ತೆಗೆದುಕೊಂಡೆ. ಬಡಿಗೆಯನ್ನು ಶೆಡ್ಡಿನಲ್ಲೇ ಬಿಡಿಸಿದೆ. ರೈಲಿನಲ್ಲಿ ಹೋಗುವಾಗ ಬಲಕ್ಕೆ ಉಪ್ಪಿನ ಗದ್ದೆಗಳಲ್ಲಿ ಬಿಳಿಯ ಗುಪ್ಪೆಗಳು ಕಂಡವು. ನಮ್ಮೂರ ಬೂದುಗುಡ್ಡದ ಮರಿಗಳು ಎಂದು ಆತ ನಕ್ಕ. ಒಳ್ಳೆಯ ಶಕುನವೆಂದು ನಾನೂ ನಂಬಿದೆ.

ಮೊದಲ ಅರ್ಧ ಗಂಟೆ ಶರಣಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಮೇಲೆ ನೋಡಲೂ ಇಲ್ಲ. ವೀರಭದ್ರಪ್ಪನವರು ಮನೆಯ ಕತೆಯನ್ನು ಪಾಯದಿಂದ ಶುರುಮಾಡಿ ಹೇಳಿದರು. ನಡುನಡುವೆ, ಹಟ್ಟಿಯವರು ಅಂದ ಮೇಲೆ ಬಂಗಾರಕ್ಕೇನು ಕಡಿಮೆ ಎಂದು ಎರಡು ಸಲ ನಕ್ಕರು. ಶರಣಪ್ಪನೂ ನಕ್ಕ. ಆತನ ಹೆಂಡತಿಯ ಕಿವಿಯಲ್ಲಿ ಇದ್ದದ್ದು ಎರಡು ಚೂರು ಬೆಂಡೋಲೆ, ಅದೂ ತವರಿನದು. ಆ ನಗೆ ನನಗೆ ಚುಚ್ಚಿತು, ಆದರೆ ಮಧ್ಯಸ್ಥನಾದವನು ನಗಲೇಬೇಕು.

ಆಮೇಲೆ ಪದ್ಧತಿಯಂತೆ ಅಡುಗೆಮನೆ ತೋರಿಸಿದರು. ಹುಡುಗನ ತಾಯಿ ಗಂಗವ್ವ ಮೂಲೆಯಲ್ಲಿ ಸ್ಟೋವಿನ ಮುಂದೆ ಕೂತು ಶಿರಾ ಕೆದಕುತ್ತಿದ್ದರು. ಒಂದು ಕೈಯಲ್ಲಿ ಸಟ್ಟುಗ; ಇನ್ನೊಂದು ಕೈಯಲ್ಲಿ ತಾಟು ಹಿಡಿದು ಪಾತ್ರೆಯ ಮೇಲೆ ಮರೆಮಾಡಿದ್ದರು. ಅವರ ತಲೆಸೆರಗಿನ ಮೇಲೆ ಸುಣ್ಣದ ಬಿಳಿ ಚಕ್ಕೆಗಳಿದ್ದವು. ಶರಣಪ್ಪ ಅದನ್ನು ನೋಡಿದ. ನಾನು ಆತನ ಅಂಗಿಯ ತೋಳು ಹಿಡಿದೆ. ಆತ ಬಿಡಿಸಿಕೊಂಡು, ಬಾಗಿಲ ಹಿಂದೆ ನಿಲ್ಲಿಸಿದ್ದ ಬಟ್ಟೆ ಒಣಹಾಕುವ ಕೋಲನ್ನು ತೆಗೆದುಕೊಂಡ. ಒಲೆಯ ನೇರಕ್ಕೆ ಒಮ್ಮೆ ಬಡಿದ. ಡಬ್. ಮತ್ತೊಮ್ಮೆ ಬಡಿದ. ಡಬ್. ಎದುರು ಮೂಲೆಯಲ್ಲಿ ಬಡಿದಾಗ ಖಣ್ ಎಂದಿತು. ಏನೂ ತಿಳಿಯದ ನನಗೂ ಆ ವ್ಯತ್ಯಾಸ ಕೇಳಿಸಿತು.

"ಇಲ್ಲಿ ನನ್ನ ಮಗಳು ಕುಂತು ಅಡಿಗಿ ಮಾಡಾಂಗಿಲ್ಲರಿ," ಎಂದ ಶರಣಪ್ಪ, ವೀರಭದ್ರಪ್ಪನವರ ಕಡೆ ತಿರುಗದೆ. "ನೀವೂ ಮಾಡಬ್ಯಾಡ್ರಿ, ತಂಗೆವ್ವ."

ವೀರಭದ್ರಪ್ಪನವರ ಮುಖ ಕೆಂಪಾಯಿತು. ಮನೆಗೆ ಬಂದು ಮನೆಯನ್ನೇ ಹಳಿಯುವ ಬೀಗತನ ತಮಗೆ ಬೇಕಾಗಿಲ್ಲವೆಂದರು. ಇಂಥವರನ್ನು ಕರೆತಂದದ್ದಕ್ಕೆ ನನಗೂ ಎರಡು ಮಾತು ಬಿದ್ದವು. ಶರಣಪ್ಪ ಕೋಲನ್ನು ಇದ್ದಲ್ಲೇ ಇಟ್ಟ; ಮಗಳ ಮುಖ ನೆನಪಾಯಿತೇನೋ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನಾನು ಮನಸ್ಸಿನಲ್ಲೇ ನೀಲಮ್ಮನಿಗೆ ಹೇಳಬೇಕಾದ ಸುಳ್ಳನ್ನು ಹೊಸೆಯತೊಡಗಿದೆ.

ಗಂಗವ್ವ ಸ್ಟೋವ್ ಆರಿಸಿದರು. ಅದನ್ನು ಎತ್ತಿ ಖಣ್ ಎಂದಿದ್ದ ಮೂಲೆಗೆ ಒಯ್ದಿಟ್ಟು, ಮತ್ತೆ ಪಂಪು ಹೊಡೆದು ಹೊತ್ತಿಸಿ, ಚಹಾಕ್ಕೆ ನೀರಿಟ್ಟರು. ಎರಡು ಮಳೆಗಾಲದಿಂದ ತಾಟು ಹಿಡಿದುಕೊಂಡೇ ಅಡಿಗೆ ಮಾಡುತ್ತಿದ್ದೇನೆ, ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ ಎಂದು ಚಹಾದ ಪಾತ್ರೆಗೆ ಹೇಳಿದರು. ಮೊದಲ ಕಪ್ಪನ್ನು ಶರಣಪ್ಪನ ಕೈಗೆ ಕೊಟ್ಟರು.

"ವರ್ಷಕ್ಕೊಮ್ಮೆ ಬಂದು ಹಿಂಗ ಬಡದು ನೋಡಿ ಹೋಗ್ರಿ, ಬೀಗರ."

ಅಲ್ಲಿಯವರೆಗೆ ಅವರು ಆತನನ್ನು ಅಣ್ಣಾರ ಎಂದೇ ಕರೆದಿದ್ದರು. ನಮ್ಮ ಕಡೆ ನಿಶ್ಚಯವಾಗದೆ ಬೀಗರು ಎಂದು ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ಕರೆದ ಮೇಲೆ ವಾಪಸು ತೆಗೆದುಕೊಳ್ಳುವುದೂ ಇಲ್ಲ. ವೀರಭದ್ರಪ್ಪನವರು ಹೆಂಡತಿಯನ್ನು ನೋಡಿದರು, ಸೂರನ್ನು ನೋಡಿದರು, ಬಾಯಿಗೆ ಬಂದಿದ್ದ ಬಂಗಾರದ ಮಾತನ್ನು ಚಹಾದ ಜೊತೆ ನುಂಗಿದರು. ಶರಣಪ್ಪ ಕಪ್ಪು ಹಿಡಿದುಕೊಂಡೇ ಕಣ್ಣು ಒರೆಸಿಕೊಂಡ.

ನೀಲಮ್ಮ ಈಗ ಆ ಮನೆಯ ಎದುರು ಮೂಲೆಯಲ್ಲಿ ಅಡುಗೆ ಮಾಡುತ್ತಾಳೆ. ಡಬ್ ಎಂದ ಮೂಲೆ ಮಾತ್ರ ಇನ್ನೂ ಬಿದ್ದಿಲ್ಲ. ಸಿಕ್ಕಾಗಲೆಲ್ಲ ವೀರಭದ್ರಪ್ಪನವರು ಅದನ್ನು ಗೆದ್ದವರ ಧಾಟಿಯಲ್ಲಿ ನನಗೆ ತಿಳಿಸುತ್ತಾರೆ. ಒಂದು ದಿನ ತಡೆಯಲಾರದೆ ಶರಣಪ್ಪನಿಗೆ ಹೇಳಿದೆ. ಪೆಚ್ಚಾಗಬಹುದು ಎಂದುಕೊಂಡಿದ್ದೆ. ಆತನ ಮುಖ ಅರಳಿತು.

"ಬೀಳಲಿಲ್ಲಂದ್ರ ಛಲೋ ಆತಲ್ರಿ ಸರ. ಬೀಳಲಿ ಅಂತ ಬಡದಿದ್ದೆನೇನ್ರಿ ನಾ?"