‘ಡಾ.’ ಸೇರಿಸಿ ಹಾಕಿದ ಮೊದಲ ಸಹಿ

ಗೆಳೆಯರೇ, ಇವತ್ತಿನಿಂದ ನಾನು ಡಾಕ್ಟರ್. ಶಿವಾಜಿನಗರದ ಕಾಲೇಜೊಂದರಲ್ಲಿ ಉಪಪ್ರಾಂಶುಪಾಲೆಯಾಗಿ ದುಡಿಯುತ್ತಲೇ, ಕೆ.ಆರ್. ಪುರದ ಬಸ್ಸಿನಲ್ಲಿ ಓದಿ, ದೂರಶಿಕ್ಷಣದಲ್ಲಿ ಮುಗಿಸಿದ ಪಿಎಚ್‌ಡಿ. ವಿಷಯ, ಕಾಲೇಜು ಆಡಳಿತದಲ್ಲಿ ಅಧಿಕಾರ ಹಂಚಿಕೆ.

ಬೆಳಿಗ್ಗೆ ನನ್ನ ಕೋಣೆಯಿಂದಲೇ ಆನ್‌ಲೈನ್ ವೈವಾ. “ಸಣ್ಣಪುಟ್ಟ ಕೆಲಸಕ್ಕೆಲ್ಲ ಮೇಲಿನವರ ಸೈನ್‌ಗೆ ಕಾಯೋ ಹಾಗಿರಬಾರದು ಸರ್” ಎಂದು ಜೋರಾಗಿ ವಾದಿಸುತ್ತಿದ್ದೆ. ಅಷ್ಟರಲ್ಲಿ ಅಟೆಂಡರ್ ನಸೀಮಾ ಆಪಾ ಬಾಗಿಲು ತೆರೆದು ಬಂದರು.

“ಮೇಡಂ, ಒಂದು ಡಬ್ಬಿ ಚಾಕ್‌ಪೀಸ್‌ಗೆ ನಿಮ್ ಸೈನ್ ಬೇಕು.”

“ಆಮೇಲೆ ಬನ್ನಿ ಆಪಾ.”

“ಕ್ಲಾಸ್ ನಿಂತೋಗಿದೆ ಮೇಡಂ. ಸೈನ್ ಇಲ್ದೆ ಕೊಡ್ಬೇಡಿ ಅಂತ ನೀವೇ ಹೇಳಿದ್ರಲ್ಲ.”

ಪರದೆಯ ಮೇಲಿದ್ದ ಮೂವರು ಪರೀಕ್ಷಕರೂ ನಕ್ಕರು. ಅವರಲ್ಲಿ ಹಿರಿಯರು, “ಪಾಸಾದ್ರಿ ಡಾಕ್ಟರ್ ಮೇಡಂ. ಮೊದ್ಲು ಅವರಿಗೆ ಸೈನ್ ಹಾಕ್ಕೊಡಿ” ಎಂದರು.

‘ಡಾ.’ ಸೇರಿಸಿ ನಾನು ಹೆಮ್ಮೆಯಿಂದ ಹಾಕಿದ ಮೊದಲ ಸಹಿ, ಬೇಡವೆಂದು ನನ್ನ ಪ್ರಬಂಧವೇ ವಾದಿಸಿದ್ದ ಸಹಿ.